ಮೋಡದೊಳಗೂ ಕೇಳುವ ಎದೆ

ಕಪ್ಪತಗುಡ್ಡದ ಬೆನ್ನಿನ ಊರು,
ಕಟ್ಟುಮೋಡದ ಇನ್ನೂರ ಹನ್ನೊಂದನೆಯ ವರ್ಷ, ಎರಡನೆಯ ಶ್ರಾವಣದ ನಲವತ್ತೊಂದನೆಯ ದಿನ.

ಕಸ್ತೂರಜ್ಜಿಗೆ ಫಕೀರವ್ವನ ಶರಣು.

ಒಂದು ತಿಂಗಳಿಗೆ ನಲವತ್ತೊಂದನೆಯ ದಿನ ಎಲ್ಲಿಂದ ಬಂತು ಎಂದು ನೀನು ಆಗಲೇ ಹುಬ್ಬು ಗಂಟು ಹಾಕಿರುತ್ತೀ. ನಮ್ಮಲ್ಲಿ ತಿಂಗಳುಗಳು ಚಂದ್ರನ ಮಾತು ಕೇಳುವುದನ್ನು ಬಿಟ್ಟು ಬಹಳ ಕಾಲವಾಯಿತು. ಗುಡ್ಡಕ್ಕೆ ತಂದು ಕಟ್ಟಿದ ಮೋಡ ಪೂರ್ತಿ ಬರಿದಾಗುವವರೆಗೆ ಒಂದು ತಿಂಗಳು. ಈ ಸಲದ ಮೋಡ ಮಹಾ ಜಿಪುಣ, ಹನಿ ಎಣಿಸಿ ಎಣಿಸಿ ಕೊಡುತ್ತಿದೆ, ಅದಕ್ಕೇ ಶ್ರಾವಣ ಮುಗಿಯುತ್ತಲೇ ಇಲ್ಲ. ಇಂಥ ವಿಚಿತ್ರ ಮಾತುಗಳು ಈ ಪತ್ರದಲ್ಲಿ ಇನ್ನೂ ಬರುತ್ತವೆ. ತಿಳಿಯದಿದ್ದರೆ ಸಿಟ್ಟಾಗಬೇಡ. ನಿನ್ನ ಕಾಲದ ಕನ್ನಡವನ್ನು ನಾವು ಓದಬಲ್ಲೆವು, ಆದರೆ ಬರೆಯಲು ಕುಳಿತರೆ ಅಜ್ಜಿಯ ಸೀರೆ ಉಟ್ಟ ಹುಡುಗಿಗೆ ಆಗುವ ಹಾಗೆ ಎಲ್ಲೋ ಒಂದು ಕಡೆ ನಿರಿಗೆ ಜಾರಿಬಿಡುತ್ತದೆ.

ನಾನು ನಿನ್ನ ಮೊಮ್ಮಗಳ ಮೊಮ್ಮಗಳ ಮೊಮ್ಮಗಳ ಮಗಳು. ಒಂದೆರಡು ತಲೆಮಾರು ಹೆಚ್ಚುಕಡಿಮೆ ಇದ್ದರೂ ಇದ್ದೀತು. ಹುಟ್ಟಿನಲ್ಲಿ ನೀನು ಹಿರಿಯಳು, ವಯಸ್ಸಿನಲ್ಲಿ ನಾನು. ನಿನಗೀಗ ಐವತ್ತೆರಡು, ನನಗೆ ಎಪ್ಪತ್ತಾರು. ಆದ್ದರಿಂದ ನಡುನಡುವೆ ಗದರಿದರೆ ತಪ್ಪು ತಿಳಿಯಬೇಡ. ನಮ್ಮಲ್ಲಿ ಹಿನ್ನಡೆ ಅಂಚೆ ಎಂಬುದೊಂದಿದೆ. ಎಪ್ಪತ್ತೈದು ದಾಟಿದವರು ಹಿಂದೆ ಬದುಕಿದ್ದ ಒಬ್ಬರಿಗೆ, ಬದುಕಿನಲ್ಲಿ ಒಮ್ಮೆ ಮಾತ್ರ, ಕೈಯಿಂದ ಬರೆದು ಕಳಿಸಬಹುದು. ಹೆಚ್ಚಿನವರು ಮುತ್ತಜ್ಜಂದಿರಿಗೆ ಬರೆದು ಬಂಗಾರ ಎಲ್ಲಿ ಹುಗಿದಿದ್ದೀರಿ ಎಂದು ಕೇಳುತ್ತಾರೆ, ಉತ್ತರ ಬರುವುದಿಲ್ಲ ಎಂದು ಗೊತ್ತಿದ್ದರೂ. ಈ ಅಂಚೆ ಕಾಗದವಾಗಿ ತಲುಪುವುದಿಲ್ಲವಂತೆ. ಮಧ್ಯಾಹ್ನದ ಜೊಂಪಿನಲ್ಲಿ ಯಾರೋ ಓದಿ ಹೇಳಿದ ಹಾಗೆ ಕೇಳುತ್ತದಂತೆ. ಎದ್ದ ಮೇಲೆ ಕನಸು ಎಂದು ತಳ್ಳಿಹಾಕಬೇಡ, ಇಷ್ಟೇ ನನ್ನ ಕೋರಿಕೆ.

ನಿನ್ನ ಮಾತ್ರೆಯ ವಹಿ ನನ್ನ ಹತ್ತಿರ ಇದೆ. ನೀಲಿ ರಟ್ಟಿನದು, ಹುಬ್ಬಳ್ಳಿಯ ಶಾಲೆಯಲ್ಲಿ ಪಾಠ ಹೇಳುತ್ತಿದ್ದವಳ ದುಂಡು ಅಕ್ಷರ. ಎದೆಗೆ ಲೋಹದ ಕವಾಟ ಹಾಕಿಸಿಕೊಂಡು ಮನೆಗೆ ಬಂದ ದಿನದಿಂದ ಬರೆದಿದ್ದೀ. ದಿನಾಂಕ, ರಕ್ತ ತೆಳುವಾಗಿಸುವ ಮಾತ್ರೆ ಅರ್ಧವೋ ಒಂದೋ, ರಕ್ತ ಪರೀಕ್ಷೆಯ ಅಂಕಿ, ಅಷ್ಟೇ. ಒಂದು ಪುಟದಲ್ಲಿ ಮಾತ್ರ ಹೀಗಿದೆ: ‘ಎದೆಯೊಳಗಿನ ಈ ಟಿಕ್ ಟಿಕ್ ಸದ್ದಿಗೆ ಇವರಿಗೂ ನಿದ್ದೆ ಇಲ್ಲ. ಹೊರಳಾಡುತ್ತಾರೆ, ಏನೂ ಅನ್ನುವುದಿಲ್ಲ. ಬರುವ ಸೋಮವಾರದಿಂದ ನಾನು ನಡುಮನೆಯಲ್ಲಿ ಬೇರೆ ಹಾಸಿಕೊಳ್ಳುವುದು.’ ಅದರ ಮುಂದಿನ ಪುಟಗಳನ್ನು ಇಲಿ ತಿಂದಿದೆ. ನೀನು ಬೇರೆ ಹಾಸಿಕೊಂಡೆಯೋ ಇಲ್ಲವೋ ನನಗೆ ತಿಳಿಯದು. ಆ ಸೋಮವಾರ ಬರುವ ಮುಂಚೆ ಈ ಪತ್ರ ನಿನ್ನನ್ನು ಮುಟ್ಟಬೇಕು.

ನಾನೂ ಅದೇ ಕವಾಟದವಳು. ಚಿಕ್ಕಂದಿನಲ್ಲಿ ಬಂದ ಕೀಲುಜ್ವರ ನನ್ನ ಹೃದಯವನ್ನೂ ಕೆಡಿಸಿಟ್ಟು ಹೋಯಿತು. ನಮ್ಮ ಕಾಲದಲ್ಲಿ ಇಂಥವರಿಗೆ ಬೆಳೆಗವಾಟ ಹಾಕುತ್ತಾರೆ. ಅವರವರ ಚರ್ಮದ ಚೂರೊಂದನ್ನು ಗಾಜಿನ ಬೋಗುಣಿಯಲ್ಲಿಟ್ಟು, ಮೂರು ವಾರ ಮೊಳಕೆ ಕಟ್ಟಿದ ಹಾಗೆ ಬೆಳೆಸಿ, ಎದೆಯೊಳಗೆ ಇಡುತ್ತಾರೆ. ಅದಕ್ಕೆ ಮಾತ್ರೆಯೂ ಬೇಡ, ಸದ್ದೂ ಇಲ್ಲ. ನನಗೆ ಇಪ್ಪತ್ತಾರು ತುಂಬಿದ ವರ್ಷ ಬೋಗುಣಿಗಳಿಗೆಲ್ಲ ಒಂದು ಬಗೆಯ ಬೂಷ್ಟು ಬಿದ್ದು ಬೆಳೆಮನೆಗಳನ್ನು ಮುಚ್ಚಿದ್ದರು. ದವಾಖಾನೆಯವರು ಹಳೆಯ ಪೆಟ್ಟಿಗೆ ಹುಡುಕಿ, ನಿನ್ನ ಕಾಲದ ನಮೂನೆಯದೊಂದನ್ನು ತೆಗೆದರು. ಉಂಗುರಕ್ಕಿಂತ ತುಸು ದೊಡ್ಡ ಬಳೆ, ಅದರೊಳಗೆ ಎರಡು ಕರಿ ರೆಕ್ಕೆ. ಸದ್ಯಕ್ಕೆ ಇದು ಇರಲಿ, ಬೂಷ್ಟು ಹೋದ ಮೇಲೆ ಬದಲಿಸೋಣ ಎಂದರು. ಆ ಸದ್ಯ ಐವತ್ತು ವರ್ಷ ನಡೆಯಿತು.

ನೀನು ಇರುವುದು ಗದ್ದಲದ ಕಾಲದಲ್ಲಿ. ನಮ್ಮದು ಸದ್ದಿಲ್ಲದ ಕಾಲ. ಬಂಡಿಗಳು ನೆಲ ಮುಟ್ಟದೆ ಹೋಗುತ್ತವೆ. ಹಿಂದಿನವರು ಜೋಳವನ್ನು ಹಗೇವಿನಲ್ಲಿ ಹುಗಿದಿಡುತ್ತಿದ್ದ ಹಾಗೆ ನಾವು ಬೇಸಿಗೆಯ ಬಿಸಿಲನ್ನು ನೆಲದಡಿ ಹುಗಿದಿಟ್ಟು, ಬೇಕೆಂದಾಗ ಕೊಡದಲ್ಲಿ ಮೊಗೆದು ತರುತ್ತೇವೆ. ಮೊಗೆದ ಬೆಳಕು ತುಳುಕಿದರೂ ಸಪ್ಪಳವಾಗುವುದಿಲ್ಲ, ಕಾಲ ಹೆಬ್ಬೆರಳು ಬೆಚ್ಚಗಾಗುತ್ತದೆ. ಇನ್ನು ಮೋಡಗಳು. ಕರಾವಳಿಯಲ್ಲಿ ಹುಟ್ಟಿದ ಮೋಡವನ್ನು ಜೇಡನೂಲಿನ ಹಗ್ಗದಿಂದ ಎಳೆದು ತಂದು ನಮ್ಮ ಗುಡ್ಡದ ಗೂಟಗಳಿಗೆ ಕಟ್ಟುವವರಿದ್ದಾರೆ, ಅವರಿಗೆ ಮೋಡಗಟ್ಟಿಗರು ಎನ್ನುತ್ತೇವೆ. ಕಟ್ಟಿದ ಮೋಡ ನೀರು ಕುಡಿದ ಎಮ್ಮೆಯ ಹಾಗೆ ಗುಡ್ಡದ ಮೇಲೆ ಮಲಗುತ್ತದೆ. ಅದರೊಳಗೆ ಕೆಲಸ ಮಾಡುವವರಿಗೆ ತಮ್ಮ ಅಂಗೈ ತಮಗೇ ಕಾಣುವುದಿಲ್ಲ. ಕೂಗುವಂತೆಯೂ ಇಲ್ಲ, ದೊಡ್ಡ ದನಿ ಕೇಳಿದರೆ ಮೋಡ ಬೆದರಿ ಎಲ್ಲ ನೀರನ್ನೂ ಒಂದೇ ಸಲಕ್ಕೆ ಸುರಿದುಬಿಡುತ್ತದೆ. ಅವರಿಗೆ ಬುತ್ತಿ ಒಯ್ಯುವ ಕೆಲಸ ನನ್ನದಾಗಿತ್ತು. ಬೇರೆ ಬುತ್ತಿಯವರು ಹಗ್ಗ ಜಗ್ಗಿ ತಾವು ಬಂದದ್ದನ್ನು ತಿಳಿಸಬೇಕಿತ್ತು. ನನಗೆ ಅದರ ಗೊಡವೆಯೇ ಇರಲಿಲ್ಲ. ಬಿಳಿ ಕತ್ತಲೆಯಲ್ಲಿ ನನ್ನ ಎದೆ ಟಿಕ್ ಟಿಕ್ ಎನ್ನುತ್ತಿದ್ದ ಹಾಗೇ ಆಚೆಯಿಂದ ‘ಬುತ್ತಿ ಬಂತಲೇ’ ಎಂಬ ಪಿಸುಮಾತು ಕೇಳುತ್ತಿತ್ತು.

ಎಲ್ಲರಿಗಿಂತ ಮೊದಲು ಬಂದು ಮುಟ್ಟುತ್ತಿದ್ದ ಕೈ ದ್ಯಾಮಣ್ಣನದು. ಮೂರು ತಿಂಗಳು ನನ್ನ ಕೈಯ ರೊಟ್ಟಿ ತಿಂದ, ಒಂದು ದಿನವೂ ನನ್ನ ಮುಖ ಕಾಣಲಿಲ್ಲ. ಆಮೇಲೆ ಮನೆಗೆ ಹೋಗಿ ಮದುವೆಯಾದರೆ ಇವಳನ್ನೇ ಎಂದು ಹಟ ಹಿಡಿದನಂತೆ. ಹುಡುಗಿ ನೋಡಲು ಹೇಗಿದ್ದಾಳೆ ಎಂದು ಅವರವ್ವ ಕೇಳಿದರೆ, ‘ನೋಡಿಲ್ಲಬೇ, ಆಕಿ ಎದಿ ಸದ್ದ ಕೇಳೀನಿ, ಸಾಕು’ ಎಂದನಂತೆ. ಇಂಥ ಹುಚ್ಚನನ್ನು ಬಿಟ್ಟು ಬೇರೆ ಯಾರನ್ನು ಕಟ್ಟಿಕೊಳ್ಳಲಿ! ಮದುವೆಯಾದ ಮರುವರ್ಷ ಬೆಳೆಮನೆಗಳು ತೆರೆದವು, ಕವಾಟ ಬದಲಿಸಲು ಬಾ ಎಂದು ದವಾಖಾನೆಯಿಂದ ಕರೆ ಬಂತು. ಮುಂದಿನ ತಿಂಗಳು ಬರುತ್ತೇನೆ ಎಂದೆ. ಹೋಗಲಿಲ್ಲ. ಆತ ಬೇಡ ಎನ್ನಲಿಲ್ಲ, ನಾನೂ ಕೇಳಲಿಲ್ಲ.

ಮುಪ್ಪಿನ ಮಾತು ಹೇಳುತ್ತೇನೆ, ಕೇಳಿಸಿಕೋ, ನಿನಗೂ ಮುಂದೆ ಬೇಕಾಗುತ್ತದೆ. ಮೊಣಕಾಲು ಮೊದಲು ಹೋಗುತ್ತದೆ, ಆಮೇಲೆ ಕಿವಿ, ಆಮೇಲೆ ತಾಳ್ಮೆ. ಮೂರು ಮೆಟ್ಟಿಲು ಹತ್ತಿದರೆ ನಾಲ್ಕನೆಯದಕ್ಕೆ ಕೈ ಮುಗಿಯಬೇಕು. ನಮ್ಮ ಮಾತ್ರೆ ನುಂಗುವವರ ಚರ್ಮವಂತೂ ಮುಪ್ಪಿನಲ್ಲಿ ಈರುಳ್ಳಿ ಸಿಪ್ಪೆ. ಬಾಗಿಲ ಚೌಕಟ್ಟಿಗೆ ಮೊಣಕೈ ತಾಗಿದರೆ ಎಂಟು ದಿನ ನೇರಳೆ ಹಣ್ಣಿನ ಬಣ್ಣ. ಹಲ್ಲುಜ್ಜಿದರೆ ಉಗುಳೆಲ್ಲ ಕೆಂಪು. ತಲೆ ಬೆಳ್ಳಗಾಯಿತು, ಬೆನ್ನು ಬಾಗಿತು, ಕೈ ನಡುಗಿ ಚಹಾ ಅರ್ಧ ಬಸಿಯಲ್ಲೇ ಉಳಿಯುತ್ತದೆ. ಆದರೆ ಎದೆಯೊಳಗಿನ ಆ ಎರಡು ರೆಕ್ಕೆಗೆ ಮಾತ್ರ ವಯಸ್ಸೇ ಆಗಲಿಲ್ಲ. ಗೋಡೆ ಬಿರಿದು, ಮಾಳಿಗೆ ಸೋರುವ ಮನೆಯಲ್ಲಿ ಒಂದು ಬಾಗಿಲು ಮಾತ್ರ ಹೊಸತಾಗಿದ್ದ ಹಾಗೆ, ಇಪ್ಪತ್ತಾರರಲ್ಲಿ ಹೇಗೆ ಬಡಿಯುತ್ತಿತ್ತೋ ಹಾಗೇ ಬಡಿಯುತ್ತಿತ್ತು. ಕೆಲವೊಮ್ಮೆ ಅದರ ಮೇಲೆ ನನಗೆ ಹೊಟ್ಟೆಕಿಚ್ಚೇ ಆಗುತ್ತಿತ್ತು.

ಎರಡು ವರ್ಷದ ಕೆಳಗೆ ದ್ಯಾಮಣ್ಣನಿಗೆ ಮರೆವು ಹತ್ತಿತು. ಮೊದಲು ಹಗ್ಗದ ಗಂಟುಗಳ ಹೆಸರು ಮರೆತ, ಆಮೇಲೆ ಇದೇ ಓಣಿಯಲ್ಲಿರುವ ಮಗಳು ಚನ್ನಕ್ಕನನ್ನು ಮರೆತ. ಕಣ್ಣೂ ಮಂಜಾಗಿದೆ. ಒಂದು ದಿನ ನನ್ನ ಹೆಸರನ್ನೂ ಮರೆತ. ಆದರೆ ನಾನು ಕೋಣೆಗೆ ಕಾಲಿಟ್ಟರೆ ಸಾಕು, ಬೆನ್ನು ಹಾಕಿ ಕುಳಿತವನು ಹಾಗೇ ‘ಬಂದ್ಯೇನ?’ ಎನ್ನುತ್ತಿದ್ದ. ಚನ್ನಕ್ಕ ಒಮ್ಮೆ ನನ್ನ ಸೀರೆ ಉಟ್ಟು, ನನ್ನ ಹಾಗೇ ಕೆಮ್ಮಿ ಎದುರು ನಿಂತಳು. ‘ನೀ ಯಾರವ್ವಾ?’ ಎಂದು ಕೇಳಿದ. ಎಲ್ಲ ಹೋದರೂ ಈ ಒಂದು ದಾರ ಉಳಿದಿದೆಯಲ್ಲ ಎಂದು ನಾನು ಧೈರ್ಯವಾಗಿದ್ದೆ.

ಆ ದಾರವನ್ನು ನನ್ನ ಬಾಯಿಚಪಲದಿಂದ ನಾನೇ ಕಡಿದುಕೊಂಡೆ. ನಮ್ಮಲ್ಲಿ ತಪ್ಪಲು ವಾರ, ಅಂದರೆ ಸೊಪ್ಪಿನ ವಾರ, ಎಂಬ ಪದ್ಧತಿಯಿದೆ. ಮೋಡ ಕಟ್ಟುವುದನ್ನು ಕಲಿಯುವ ಮುಂಚೆ ಇಲ್ಲಿ ಹಸಿರೆಂಬುದೇ ಇರಲಿಲ್ಲವಂತೆ. ಸಿಕ್ಕ ನಾಲ್ಕು ಎಲೆಯನ್ನು ಮುದುಕರು ತಿನ್ನದೆ ಮಕ್ಕಳಿಗೆ ಕೊಡುತ್ತಿದ್ದರಂತೆ. ಆ ಋಣಕ್ಕಾಗಿ ಈಗ ಓಣಿಯಲ್ಲಿ ಯಾರಿಗಾದರೂ ಎಪ್ಪತ್ತೈದು ತುಂಬಿದರೆ ಏಳು ಮನೆಯವರು ಏಳು ದಿನ ಸೊಪ್ಪಿನ ಅಡಿಗೆ ಮಾಡಿ ಕಳಿಸುತ್ತಾರೆ. ಮೆಂತ್ಯ, ರಾಜಗಿರಿ, ಪಾಲಕ, ಪುಂಡಿ, ಹಸಿ ಹಕ್ಕರಿಕೆ. ಉಳಿಸಿದರೆ ಕಳಿಸಿದವರಿಗೆ ಅವಮಾನ. ಖಾಲಿ ಬಟ್ಟಲಿಗೆ ಚಿಟಿಕೆ ಸಕ್ಕರೆ ಹಾಕಿ ಮರಳಿಸಬೇಕು. ಸೊಪ್ಪು ಹೆಚ್ಚಾದರೆ ನಮ್ಮ ಮಾತ್ರೆ ಸೋಲುತ್ತದೆ, ರಕ್ತ ಗಟ್ಟಿಯಾಗುತ್ತದೆ ಎಂಬುದು ನಿನಗೆ ಗೊತ್ತು. ಊರಿನಲ್ಲಿ ಆ ಮಾತ್ರೆ ನುಂಗುವವಳು ನಾನೊಬ್ಬಳೇ, ಓಣಿಯವರಿಗೆ ಹೇಗೆ ಗೊತ್ತಿರಬೇಕು? ಗೊತ್ತಿದ್ದವಳು ನಾನು. ಐವತ್ತು ವರ್ಷ ವಾರಕ್ಕೆ ಎರಡೇ ಮುಷ್ಟಿ ಸೊಪ್ಪು ತಿಂದು ನಾಲಿಗೆ ಬಿಗಿಹಿಡಿದಿದ್ದೆ. ಈಗ ಏಳು ಮನೆಯ ಬಟ್ಟಲುಗಳು ಹಬೆಯಾಡುತ್ತ ಸಾಲಾಗಿ ಬಂದವು. ಬೇಡ ಎಂದರೆ ಅವರಿಗೆ ನೋವು ಎಂದು ನನಗೆ ನಾನೇ ಹೇಳಿಕೊಂಡೆ. ಸುಳ್ಳು. ಆಸೆ ನನ್ನದೇ. ಪಕ್ಕದ ಮನೆ ಬಸಲಿಂಗವ್ವನ ಪುಂಡಿ ಪಲ್ಯವನ್ನು ಬೆರಳು ನೆಕ್ಕಿ ನೆಕ್ಕಿ ತಿಂದೆ. ಏಳು ದಿನ ಮುಗಿದರೆ, ನಾವೇನು ಕಡಿಮೆ ಎಂದು ಹಿಂದಿನ ಓಣಿಯವರೂ ಏಳು ದಿನ ಕಳಿಸಿದರು. ಅದನ್ನೂ ತಿಂದೆ.

ಹದಿನಾರನೆಯ ದಿನ ದ್ಯಾಮಣ್ಣ ಕಟ್ಟೆಯ ಮೇಲೆ ಕುಳಿತಿದ್ದ. ಊಟಕ್ಕೆ ಕರೆಯಲು ಹೋಗಿ ಹೆಗಲ ಮೇಲೆ ಕೈಯಿಟ್ಟೆ. ಗೌರವದಿಂದ ಸರಿದು ಕುಳಿತು, ಎರಡೂ ಕೈ ಜೋಡಿಸಿ, ‘ನಮ್ಮಾಕಿ ಮನ್ಯಾಗಿಲ್ರಿ, ಹೊರಗ ಹೋಗ್ಯಾಳ. ಬಂದ ಮ್ಯಾಲ ಬರ್ರಿ’ ಎಂದ. ನನಗೆ ಸಿಟ್ಟು ಬಂತು. ಬೈಯಲು ಬಾಯಿ ತೆರೆದೆ. ಕೈ ತಾನಾಗಿ ಎದೆಗೆ ಹೋಯಿತು. ಉಗುರಿನಿಂದ ಹಿತ್ತಾಳೆ ಚಂಬು ತಟ್ಟಿದ ಹಾಗೆ ಕೇಳುತ್ತಿದ್ದ ಸದ್ದು ಕೌದಿಯೊಳಗಿನಿಂದ ಬಂದಂತೆ ಮಂದವಾಗಿತ್ತು. ರಕ್ತ ಹೆಪ್ಪುಗಟ್ಟಿ ಒಂದು ರೆಕ್ಕೆಯನ್ನು ಹಿಡಿದುಬಿಟ್ಟಿತ್ತು. ನನಗಿಂತ ಮೊದಲು ತಿಳಿದದ್ದು ಆತನಿಗೆ. ಚನ್ನಕ್ಕನನ್ನು ಕೂಗಿದೆ.

ದವಾಖಾನೆಯಲ್ಲಿ ಔಷಧ ಏರಿಸಿ ಗಂಟು ಕರಗಿಸಿದರು, ಸದ್ದು ಮೊದಲಿನ ಹಾಗಾಯಿತು. ಬಸಲಿಂಗವ್ವ ಮಂಚದ ಕಾಲು ಹಿಡಿದು ಗೋಳಾಡಿದಳು: ‘ನನ್ನ ಪಲ್ಯಾನ ನಿನ್ನ ಕೊಲ್ತಿತ್ತಲ್ಲಬೇ ಯಕ್ಕಾ!’ ಆಕೆಯ ಅಳು ನೋಡಲಾಗದೆ, ‘ಪಲ್ಯ ಛಲೋನ ಇತ್ತು, ಉಪ್ಪ ಒಂಚೂರು ಕಡಿಮಿ’ ಎಂದೆ. ಅಳುತ್ತಲೇ ಮುನಿಸಿಕೊಂಡು ಎದ್ದಳು. ಡಾಕ್ಟರ್ ಶಾಹೀನ್ ನದಾಫ್ ಮಾತ್ರ ನಗಲಿಲ್ಲ. ‘ಅಮ್ಮಾರ, ಈ ಸಲ ಗಂಟು ಕರಗೇತಿ. ಮುಂದಿನ ಸಲ ಅದು ಕರಗೂತನ ನೀವ ಇರಂಗಿಲ್ಲ. ಬೆಳೆಗವಾಟ ಹಾಕೂಣು’ ಎಂದರು. ಅದು ಹಾಕಿದರೆ ನಾನು ಬದುಕುತ್ತೇನೆ, ಸದ್ದು ಹೋಗುತ್ತದೆ, ದ್ಯಾಮಣ್ಣನಿಗೆ ಹೆಂಡತಿ ಇಲ್ಲವಾಗುತ್ತಾಳೆ. ಹಾಕದಿದ್ದರೆ ಆತನ ಹೆಂಡತಿಯಾಗಿಯೇ ಇರುತ್ತೇನೆ, ಎಷ್ಟು ದಿನವೋ. ಅತ್ತ ದರಿ ಇತ್ತ ಪುಲಿ. ನಾಲ್ಕು ದಿನ ಗೋಡೆಗೆ ಮುಖ ಮಾಡಿ ಮಲಗಿದೆ. ಐದನೆಯ ದಿನ ಚನ್ನಕ್ಕ ಬಂದು, ಸುತ್ತುಬಳಸು ಮಾತಿಲ್ಲದೆ ಹೇಳಿದಳು: ‘ಅವ್ವಾ, ನೀ ಸತ್ರೂ ಸದ್ದ ಹೋಗ್ತೈತಿ, ತಗಸಿದ್ರೂ ಹೋಗ್ತೈತಿ. ತಗಸಿದ್ರ ಅಪ್ಪಗ ರೊಟ್ಟಿ ಬಡಿಯಾಕ ನೀನರ ಇರ್ತಿ.’ ನನ್ನ ಹೊಟ್ಟೆಯಲ್ಲಿ ಹುಟ್ಟಿದವಳೇ ಹೌದು.

ತೆಗೆಯುವ ಮುಂಚೆ ಚನ್ನಕ್ಕ ಆ ಸದ್ದನ್ನು ಒಂದು ಡಬ್ಬಿಯಲ್ಲಿ ತುಂಬಿಸಿಕೊಂಡಳು, ಅದನ್ನು ನಾನು ಕೊರಳಿಗೆ ಕಟ್ಟಿಕೊಂಡರಾಯಿತು ಎಂದು. ಮೊದಲು ಡಬ್ಬಿಯನ್ನು ದ್ಯಾಮಣ್ಣನ ಕಿವಿಗೆ ಹಿಡಿದಳು. ಬಹಳ ಹೊತ್ತು ತಲೆ ವಾರೆ ಮಾಡಿ ಕೇಳಿದನಂತೆ. ಆಮೇಲೆ ಮೆಲ್ಲಗೆ ಕೈಯಿಂದ ಸರಿಸಿ, ‘ಇದು ಆಕಿ ಸದ್ದ ಖರೆ. ಆದ್ರ ಇದು ದಣಿಯವಲ್ದು, ಸಿಟ್ಟಿಗೆ ಏಳವಲ್ದು. ಇದರಾಗ ಆಕಿ ಇಲ್ಲ’ ಎಂದನಂತೆ. ನಾನು ಮೆಟ್ಟಿಲು ಹತ್ತಿದ್ದು, ಬೈದದ್ದು, ನಕ್ಕದ್ದು ಎಲ್ಲವನ್ನೂ ಆತ ಆ ಸದ್ದಿನಲ್ಲೇ ಓದುತ್ತಿದ್ದ ಎಂದು ನನಗೆ ಆಗ ತಿಳಿಯಿತು.

ಹೊಸ ಕವಾಟದೊಂದಿಗೆ ಎಚ್ಚರಾದಾಗ ನಾನು ಸತ್ತಿದ್ದೇನೆ ಎಂದೇ ಅಂದುಕೊಂಡೆ. ಐವತ್ತು ವರ್ಷದ ಗಿರಣಿ ಒಮ್ಮೆಲೇ ನಿಂತ ಹಾಗೆ ಒಳಗೆಲ್ಲ ಮೌನ. ಪಕ್ಕದ ಮಂಚದವಳನ್ನು ‘ನಾ ಅದೀನೇನು?’ ಎಂದು ಕೇಳಿದೆ. ‘ಅದಿ, ಮಕ್ಕೊ’ ಎಂದಳು. ಮನೆಗೆ ಬಂದೆ. ಈಗ ಬೇಕಾದಷ್ಟು ಸೊಪ್ಪು ತಿನ್ನಬಹುದು, ಒಂದು ತುತ್ತೂ ರುಚಿಸುವುದಿಲ್ಲ. ದ್ಯಾಮಣ್ಣ ನನಗೆ ಅಕ್ಕಾರ ಎನ್ನುತ್ತಾನೆ. ರೊಟ್ಟಿ ಹಾಕಿದರೆ, ನಿಮಗೆ ತ್ರಾಸು ಕೊಟ್ಟೆ ಎನ್ನುತ್ತಾನೆ. ಒಳ್ಳೆಯ ಮರ್ಯಾದಸ್ಥ. ನನ್ನ ಗಂಡನಾಗಿದ್ದಾಗ ಇಷ್ಟು ಮರ್ಯಾದೆ ಕೊಟ್ಟವನಲ್ಲ. ಹಿತ್ತಲಿಗೆ ಹೋಗಿ ಅತ್ತೆ, ಅಜ್ಜಿ. ನಿನ್ನ ಮುಂದೆ ಮುಚ್ಚಿಡುವುದೇನು, ಬಹಳ ಅತ್ತೆ.

ಪರಕೀಯಳಾದ ಮೇಲೆ ನನಗೊಂದು ಲಾಭವಾಯಿತು. ಹೆಂಡತಿಗೆ ಹೇಳದ ಮಾತನ್ನು ಆತ ಅಕ್ಕಾರಿಗೆ ಹೇಳತೊಡಗಿದ. ಅವಳು ಭಾರಿ ಜಗಳಗಂಟಿ ಎಂದ, ಅವಳ ಕೈಯ ಚಟ್ನಿ ಯಾರಿಗೂ ಬರುವುದಿಲ್ಲ ಎಂದ. ಮೊನ್ನೆ ಬಿಸಿಲು ಕಾಯುತ್ತ ಕುಳಿತಾಗ ದನಿ ತಗ್ಗಿಸಿ ಹೇಳಿದ್ದನ್ನು ಇದ್ದ ಹಾಗೇ ಬರೆಯುತ್ತೇನೆ: ‘ಮುಂಜಾನೆ ಎಚ್ಚರಾದ ಕೂಡ್ಲೆ ನಾ ಕಣ್ಣ ತಗೀತಿರ್ಲಿಲ್ರಿ. ಮೊದ್ಲ ಕೇಳ್ತಿದ್ದೆ. ಆಕಿ ಎದಿ ಸದ್ದ ಐತಿ ಅಂದ್ರ ಆಮ್ಯಾಲ ಕಣ್ಣ ತಗೀತಿದ್ದೆ. ದಿನಾ ಅಂಜಿಕಿ ನನಗ. ಆಕಿಗೆ ಒಮ್ಮಿನೂ ಹೇಳಿಲ್ಲ. ಹೇಳಿದ್ರ ತಲಿ ಮ್ಯಾಲ ಕುಂದರ್ತಾಳ.’ ಐವತ್ತು ವರ್ಷ, ಹೊತ್ತು ನೆತ್ತಿಗೇರಿದರೂ ಕಣ್ಣು ಬಿಡದ ಸೋಮಾರಿ ಎಂದು ನಾನು ದಿನಾ ಬೆಳಿಗ್ಗೆ ಬೈದದ್ದು ಈ ಮನುಷ್ಯನಿಗೆ.

ಕಸ್ತೂರಜ್ಜಿ, ಇದಕ್ಕಾಗಿಯೇ ನನ್ನ ಒಂದೇ ಒಂದು ಅಂಚೆಯನ್ನು ನಿನಗೆ ಬರೆಯುತ್ತಿದ್ದೇನೆ. ನಿನ್ನ ಯಜಮಾನರು ಹೊರಳಾಡುವುದು ಸದ್ದಿನ ಕಾಟಕ್ಕೋ, ಸದ್ದು ಎಲ್ಲಿ ನಿಂತೀತೋ ಎಂಬ ಅಂಜಿಕೆಗೋ, ಕೇಳದೆ ನೀನೇ ತೀರ್ಮಾನ ಮಾಡಬೇಡ. ಗಂಡಸರು ತಾವಾಗಿ ಹೇಳುವುದಿಲ್ಲ, ನಾವು ಕೇಳುವುದಿಲ್ಲ, ಹೀಗೇ ಆಯುಷ್ಯ ಮುಗಿಯುತ್ತದೆ. ಹಾಸಿಗೆ ಸುತ್ತುವ ಮುಂಚೆ ಅವರನ್ನು ಎದುರು ಕೂರಿಸಿಕೊಂಡು ಬಾಯಿಬಿಟ್ಟು ಕೇಳು. ನಿಜವಾಗಿಯೂ ಕಾಟವೇ ಎಂದರೆ ಅವರ ಕಿವಿಗೆ ಹತ್ತಿ ತುರುಕು, ನೀನು ಮಾತ್ರ ಜಾಗ ಬಿಟ್ಟು ಏಳಬೇಡ. ನಾನು ಕೇಳಿದ್ದರೆ ಐವತ್ತು ವರ್ಷ ಮೊದಲೇ ನನಗೆ ಈ ಮಾತು ಸಿಗುತ್ತಿತ್ತು, ನನ್ನ ಹೆಸರು ಹಿಡಿದು ಹೇಳಿದ ಮಾತಾಗಿ ಸಿಗುತ್ತಿತ್ತು.

ಮೋಡ ಹಗುರಾಗುತ್ತ ಬಂದಿದೆ, ನಾಳೆ ನಾಡಿದ್ದರಲ್ಲಿ ತಿಂಗಳು ಮುಗಿಯಬಹುದು. ಪತ್ರ ಮುಗಿಸಿ ಅಂಚೆಗೆ ಕೊಟ್ಟುಬರೋಣ ಎಂದು ಈಗ ಕಟ್ಟೆಯಿಂದ ಎದ್ದೆ. ದ್ಯಾಮಣ್ಣ ಗಾಬರಿಯಾಗಿ ಸೆರಗಿಗೆ ಕೈ ಹಾಕಲು ಹೋಗಿ, ಪರಸ್ತ್ರೀ ಎಂದು ನೆನಪಾಗಿ ಕೈ ಹಿಂದೆ ತೆಗೆದುಕೊಂಡ. ‘ಹೊಂಟ್ರೇನ್ರಿ ಅಕ್ಕಾರ? ಆಕಿ ಬರೂತನ ಇರ್ರಲಾ. ಒಬ್ಬಂವಗ ಕಾಯಾಕ ಆಗವಲ್ದು’ ಎಂದ. ‘ಇರ್ತೀನ್ರಿ, ಎಲ್ಲೀ ಹೋಗಂಗಿಲ್ಲ’ ಎಂದೆ. ಆತ ಸರಿದು, ಧೋತರದ ಚುಂಗಿನಿಂದ ಕಲ್ಲಿನ ಧೂಳು ಜಾಡಿಸಿ, ನನಗೆ ಜಾಗ ಮಾಡಿಕೊಟ್ಟ. ಅಲ್ಲೇ ಕುಳಿತು ಈ ಸಾಲು ಬರೆಯುತ್ತಿದ್ದೇನೆ. ಇಬ್ಬರೂ ಕೂಡಿ ನನ್ನ ದಾರಿ ಕಾಯುತ್ತಿದ್ದೇವೆ.

ಫಕೀರವ್ವ